ಕೊನೆಯ ಎರಡು ಲೈಟು ಮಿಣುಕುತ್ತಿದ್ದುದು ನಿಂತದ್ದು ಹೀಗೆ

ಮಂಡ್ಯದ ಪಕ್ಕದ ನಮ್ಮೂರಲ್ಲಿ ಹಬ್ಬಕ್ಕೆ ಪೌರಾಣಿಕ ನಾಟಕ. ಬೆಳಕಿನ ಕೆಲಸ ನನ್ನದು. ಲೈಟು ನಿಯಂತ್ರಿಸುವ ಬೋರ್ಡ್ ಬಾಡಿಗೆಗೆ ತರುವ ಬದಲು ರಾಸ್‌ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಕ್ಯೂಎಲ್‌ಸಿ ಪ್ಲಸ್ ಎಂಬ ಬೆಳಕಿನ ತಂತ್ರಾಂಶ ಹಾಕಿ, ಯುಎಸ್‌ಬಿಯಿಂದ ಡಿಎಂಎಕ್ಸ್ ಅಡಾಪ್ಟರ್ ಜೋಡಿಸಿದೆ. ವೇದಿಕೆಯ ಲೈಟುಗಳಿಗೆ ತಂತಿಯಲ್ಲಿ ಆದೇಶ ಕಳಿಸುವ ಪದ್ಧತಿಯೇ ಡಿಎಂಎಕ್ಸ್. ಒಂದರಿಂದ ಇನ್ನೊಂದಕ್ಕೆ ಕೇಬಲ್ ಎಳೆದ ಎಂಟು ಎಲ್‌ಇಡಿ ಪಾರ್ ಲೈಟು, ಒಂದೊಂದಕ್ಕೆ 7 ಚಾನೆಲ್, ಅಂದರೆ ಬಣ್ಣ, ಪ್ರಖರತೆಯಂಥವನ್ನು ಹೊಂದಿಸುವ ಏಳು ಸಂಖ್ಯೆ. ಪ್ರತಿ ಲೈಟಿನ ಮೊದಲ ಚಾನೆಲ್ಲಿನ ವಿಳಾಸ 1, 8, 15 ಹೀಗೆ ಕೊನೆಯದು 50.

ತಾಲೀಮಿನಲ್ಲಿ ಭೀಮ ಗದೆ ಎತ್ತಿ ಬರುವಾಗ ಪೂರ್ತಿ ಕೆಂಪು ಬೇಕು. ಆರು ಲೈಟು ಸರಿ, ಕೊನೆಯ ಎರಡು ಮಾತ್ರ ಮಿಣಮಿಣ. ಪೈ ಮೇಲೇ ಅನುಮಾನಪಟ್ಟು ಎರಡು ದಿನ ಕಳೆದೆ. ಮೆಮೊರಿ ಕಾರ್ಡ್ ಬದಲಿಸಿದೆ. ಪರದೆಯಲ್ಲಿ ವಿದ್ಯುತ್ ಸಾಲದು ಎನ್ನುವ ಮಿಂಚಿನ ಗುರುತು ಕಂಡಿದ್ದರಿಂದ ಮೊಬೈಲ್ ಚಾರ್ಜರ್ ತೆಗೆದು 5.1 ವೋಲ್ಟ್, 3 ಆಂಪಿಯರ್‌ನದು ಹಾಕಿದೆ. ಗುರುತು ಹೋಯಿತು, ಮಿಣುಕು ಹೋಗಲಿಲ್ಲ.

ಸೀರಿಯಲ್ ಸೆಟ್ ಕಟ್ಟುವ ನಮ್ಮ ಮಾವ ಬಂದು ನೋಡಿ, "ಕೊನೇ ಲೈಟ್ಗೆ ಏನ್ ಹಾಕಿದ್ದೀಯ ಮಗಾ?" ಅಂದರು. ಏನೂ ಹಾಕಿರಲಿಲ್ಲ. ಡಿಎಂಎಕ್ಸ್ ಸಂಕೇತ ಸೆಕೆಂಡಿಗೆ 2,50,000 ಬಿಟ್ ವೇಗದಲ್ಲಿ ಓಡುತ್ತದೆ. ತಂತಿಯ ತುದಿ ಖಾಲಿ ಇದ್ದರೆ ಸಂಕೇತ ಅಲ್ಲಿಂದ ಮರಳಿ ಬಂದು, ಹಿಂದೆ ಬರುತ್ತಿರುವ ಸಂಕೇತಕ್ಕೆ ಡಿಕ್ಕಿ ಹೊಡೆಯುತ್ತದೆ. ಮೇಲಾಗಿ ನಾನು ಎಳೆದಿದ್ದುದು ಮೈಕಿನ ಕೇಬಲ್. ಅದು ಈ ಕೆಲಸದ್ದಲ್ಲ.

ಸಂಕೇತ ಮರಳದಂತೆ ತುದಿಯಲ್ಲೇ ಹೀರಿಕೊಳ್ಳಲು, ಮೂರು ಪಿನ್ನಿನ ಪ್ಲಗ್ಗಿನಲ್ಲಿ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸುಗೆ ಹಾಕಿ, ಕೊನೆಯ ಲೈಟಿನ ಔಟ್‌ಗೆ ಸಿಕ್ಕಿಸಿದೆ. ಮುಖ್ಯ ಕೇಬಲನ್ನೂ ಡಿಎಂಎಕ್ಸ್‌ನದಕ್ಕೆ ಬದಲಿಸಿದೆ. ಎಂಟೂ ಲೈಟು ಒಟ್ಟಿಗೆ ಕೆಂಪಾದವು. ಎಷ್ಟು ಸಂತೋಷವಾಯಿತೆಂದರೆ, ಭೀಮನ ಪ್ರವೇಶವನ್ನು ಮೂರು ಸಲ ಮಾಡಿಸಿದೆ.