ಥೀಮ್ ಪಾರ್ಕ್‌ನಲ್ಲಿ ಅಪ್ಪ ಅಮ್ಮನಿಗೆ ಬ್ಯಾಗ್ ಕಾಯುವ ಕೆಲಸ ಕೊಡಬೇಡಿ

"ನೀವು ಹೋಗಿ ಬನ್ನಿ, ನಾನು ಬ್ಯಾಗ್ ನೋಡ್ಕೊಂಡು ಇಲ್ಲೇ ಕೂತಿರ್ತೀನಿ." ಥೀಮ್ ಪಾರ್ಕ್‌ಗೆ ಹೋದಾಗ ನಮ್ಮಮ್ಮ ಹೇಳುವ ಮಾತು ಇದು. ಕಾಲು ನೋಯುತ್ತಿದೆ ಅಂತ ಅಪ್ಪಿತಪ್ಪಿಯೂ ಹೇಳುವುದಿಲ್ಲ. ಅಪ್ಪನ ದಾರಿ ಬೇರೆ. "ನಂಗೇನಾಗಿದೆ, ನಡೀರಿ" ಅಂತ ಎಲ್ಲರಿಗಿಂತ ಮುಂದೆ ಹೊರಡುತ್ತಾರೆ. ಸ್ವಲ್ಪ ಹೊತ್ತಿಗೆ ಸಿಕ್ಕ ಸಿಕ್ಕ ಕಂಬಿಗೆಲ್ಲ ಕೈ ಊರಲು ಶುರು ಮಾಡುತ್ತಾರೆ. ಸುಸ್ತಾಯ್ತು ಅನ್ನುವ ಮಾತು ಇಬ್ಬರ ಬಾಯಲ್ಲೂ ಬರುವುದಿಲ್ಲ. ಹಾಗಾಗಿ "ಸುಸ್ತಾಯ್ತಾ?" ಅಂತ ನಾನು ಕೇಳುವುದೇ ಇಲ್ಲ. ಯಾರೂ ಒಪ್ಪಿಕೊಳ್ಳುವ ಅಗತ್ಯ ಬಾರದಂತೆ, ಕೂರುವ ಸಮಯ ತಾನಾಗಿಯೇ ಬರುವಂತೆ ದಿನವನ್ನು ಜೋಡಿಸಿಕೊಳ್ಳುತ್ತೇನೆ.

ಬೆಂಚಿನ ಮೇಲೆ ಕೂತು ಕಾಯುವ ಬೇಸರ ದೊಡ್ಡದು. ವಾಲ್ಟ್ ಡಿಸ್ನಿ ತಮ್ಮ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕ್‌ಗೆ ಕರೆದುಕೊಂಡು ಹೋಗಿ, ಅವರು ಮೆರ್ರಿ-ಗೋ-ರೌಂಡ್‌ನಲ್ಲಿ ಸುತ್ತುವಾಗ ತಾವು ಬೆಂಚಿನ ಮೇಲೆ ಕೂತಿರುತ್ತಿದ್ದರಂತೆ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಖುಷಿಪಡುವ ಜಾಗ ಒಂದು ಬೇಕು ಅನ್ನಿಸಿದ್ದು ಅಲ್ಲೇ ಎಂದು ಅವರೇ ಹೇಳಿಕೊಂಡಿದ್ದರು. 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಪಾರ್ಕ್ ಸುತ್ತ ಓಡುವ ರೈಲು ಮೊದಲ ದಿನದಿಂದಲೇ ಇತ್ತು. ಇಂಥ ರೈಲೋ, ದೋಣಿಯೋ, ನಿಧಾನವಾಗಿ ಸುತ್ತುವ ಗಾಡಿಯೋ ಇವತ್ತು ಸುಮಾರು ದೊಡ್ಡ ಪಾರ್ಕ್‌ಗಳಲ್ಲಿ ಸಿಗುತ್ತದೆ. ಒಳಗೆ ಹೋದ ಕೂಡಲೇ ಮೊದಲು ಅದನ್ನೇ ಹತ್ತಿ. ಯಾವುದು ಎಷ್ಟು ದೂರ, ಶೌಚಾಲಯ ಎಲ್ಲೆಲ್ಲಿ, ನೆರಳು ಯಾವ ಕಡೆ ಅನ್ನುವುದು ಕೂತಲ್ಲೇ ತಿಳಿಯುತ್ತದೆ. ಅಮ್ಮನಿಗೆ ಏನು ನೋಡಬೇಕು ಅನ್ನಿಸುತ್ತದೆ ಎಂಬುದೂ ಆಗಲೇ ಹೊರಗೆ ಬರುತ್ತದೆ. ಮನೆಯಲ್ಲಿ ಕೇಳಿದರೆ "ನಿಮಗೆ ಇಷ್ಟ ಆಗಿದ್ದೇ ಸಾಕು" ಅನ್ನುತ್ತಾರೆ. ಕಣ್ಣಿಗೆ ಬಿದ್ದಾಗ ಮಾತ್ರ "ಅದೇನದು?" ಅಂತ ಕೈ ತೋರಿಸುತ್ತಾರೆ. ಆ ಕೈ ಎತ್ತ ಹೋಯಿತೋ ಅದನ್ನು ಪಟ್ಟಿಯ ಮೇಲೆ ಬರೆದುಕೊಳ್ಳಿ.

ನಡೆಯುವುದಕ್ಕಿಂತ ಕ್ಯೂನಲ್ಲಿ ನಿಲ್ಲುವುದೇ ಅವರಿಗೆ ಕಷ್ಟ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ನೆ ನಿಂತರೆ ರಕ್ತ ಕಾಲಲ್ಲೇ ಉಳಿಯುತ್ತದೆ, ಪಾದ ಊದುತ್ತದೆ, ತಲೆ ಸುತ್ತುತ್ತದೆ. ಅದಕ್ಕೇ ಗೇಟ್ ತೆರೆಯುವ ಹೊತ್ತಿಗೆ ತಲುಪಿ, ಅವರು ಬರುವ ರೈಡ್‌ಗಳನ್ನೆಲ್ಲ ಮೊದಲು ಮುಗಿಸಿ. ವಾರದ ಮಧ್ಯದ ದಿನವಾದರೆ ಇನ್ನೂ ಒಳ್ಳೆಯದು. ಕ್ಯೂ ಉದ್ದ ಇದ್ದರೆ ವಯಸ್ಸಾದವರಿಗೆ ಬೇರೆ ದಾರಿ ಇದೆಯಾ ಅಂತ ಸಿಬ್ಬಂದಿಯನ್ನು ಕೇಳಿ. ಕೇಳಲು ಸಂಕೋಚ ಬೇಡ. ನಿಯಮ ಒಂದೊಂದು ಪಾರ್ಕ್‌ನಲ್ಲಿ ಒಂದೊಂದು ಥರ, ಕೆಲವು ಕಡೆ ಮೊದಲೇ ನೋಂದಾಯಿಸಬೇಕು. ಹೊರಡುವ ಮುಂಚೆಯೇ ಪಾರ್ಕ್‌ಗೆ ಫೋನ್ ಮಾಡಿ ವಿಚಾರಿಸುವುದು ವಾಸಿ.

ಇನ್ನು ಗಾಲಿಕುರ್ಚಿ. ದೊಡ್ಡ ಪಾರ್ಕ್‌ಗಳಲ್ಲಿ ಗೇಟಿನ ಬಳಿಯೇ ಬಾಡಿಗೆಗೆ ಸಿಗುತ್ತದೆ. ಕೂರಿ ಅಂದರೆ ಅಪ್ಪನ ಮುಖ ಕೆಂಪಾಗುತ್ತದೆ. ಅದಕ್ಕೆ ನಾನು ಕೂರಿ ಅನ್ನುವುದೇ ಇಲ್ಲ. "ಸಾಮಾನು ಹೊರೋಕೆ ಒಂದು ಇರಲಿ" ಅಂತ ತರುತ್ತೇನೆ. ತಳ್ಳುವ ಜವಾಬ್ದಾರಿಯನ್ನು ಅವರೇ ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬ್ಯಾಗ್ ನನ್ನ ಹೆಗಲಿಗೆ ಬಂದಿರುತ್ತದೆ, ಅವರು ಕುರ್ಚಿಯಲ್ಲಿರುತ್ತಾರೆ. ಆಗ ಯಾರೂ ಏನೂ ಮಾತಾಡಬಾರದು, ಮಕ್ಕಳಿಗೂ ಮೊದಲೇ ಹೇಳಿಡಿ. ಬ್ಯಾಗನ್ನು ಕುರ್ಚಿಯ ಸೀಟಿನ ಮೇಲೆ ಇಡಿ, ಹಿಡಿಕೆಗೆ ತೂಗುಹಾಕಬೇಡಿ. ಖಾಲಿ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ಹಿಡಿದುಕೊಂಡವರೂ ಜೊತೆಗೆ ಬೀಳಬಹುದು. ಕೂರುವಾಗ, ಏಳುವಾಗ ಎರಡೂ ಬ್ರೇಕ್ ಹಾಕಿ, ಪಾದ ಇಡುವ ತಟ್ಟೆಗಳನ್ನು ಮೇಲಕ್ಕೆ ಮಡಚಿ. ಆ ತಟ್ಟೆಯ ಮೇಲೆಯೇ ಕಾಲಿಟ್ಟು ಎದ್ದರೆ ಕುರ್ಚಿ ಮುಂದಕ್ಕೆ ವಾಲುತ್ತದೆ. ಇಳಿಜಾರು ಜಾಸ್ತಿ ಇದ್ದರೆ ಕುರ್ಚಿಯನ್ನು ತಿರುಗಿಸಿ, ನೀವು ಹಿಂದೆ ಹಿಂದೆ ನಡೆಯುತ್ತಾ ಇಳಿಸಿ.

ಯಾವ ರೈಡ್ ಬೇಡ ಅನ್ನುವುದನ್ನು ವಯಸ್ಸು ನೋಡಿ ತೀರ್ಮಾನಿಸಬೇಡಿ, ಆರೋಗ್ಯ ನೋಡಿ ತೀರ್ಮಾನಿಸಿ. ಗಟ್ಟಿಮುಟ್ಟಾಗಿರುವವರು ರೋಲರ್ ಕೋಸ್ಟರ್ ಹತ್ತುತ್ತೇನೆ ಅಂದರೆ "ಈ ವಯಸ್ಸಲ್ಲಿ ಯಾಕೆ?" ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಆದರೆ ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಕತ್ತು ಬೆನ್ನಿನ ನೋವು, ಇತ್ತೀಚೆಗೆ ಆದ ಆಪರೇಷನ್ ಇದ್ದರೆ ಬೇಡವೇ ಬೇಡ. ರೈಡ್ ಬಾಗಿಲಲ್ಲಿರುವ ಬೋರ್ಡ್ ಹೇಳುವುದೂ ಇದನ್ನೇ. ಬೋರ್ಡಿನಲ್ಲಿ ಎಲ್ಲವೂ ಇರುವುದಿಲ್ಲ. ಮೂಳೆ ಸವೆದವರಿಗೆ ಒಂದು ಜೋರಾದ ಕುಲುಕಿಗೇ ಬೆನ್ನುಮೂಳೆ ಬಿರುಕು ಬಿಡಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ರಪ್ಪನೆ ಆಚೀಚೆ ಹೊಡೆದರೆ ಒಳಗೆ ರಕ್ತಸ್ರಾವ ಆಗುವ ಅಪಾಯ ಇದೆ. ಅಂಥವರು ವೈದ್ಯರನ್ನು ಕೇಳದೆ ಜೋರಿನ ರೈಡ್ ಹತ್ತಬಾರದು. ರೈಡ್ ಆದ ಮೇಲೆ ತಲೆನೋವು ಬಂದು ಹೋಗದೇ ಇದ್ದರೆ, ಎರಡು ದಿನ ಬಿಟ್ಟು ಬಂದರೂ, ಆಸ್ಪತ್ರೆಗೆ ತೋರಿಸಿ.

ಅಲುಗಾಡುವ ಸೀಟಿನಲ್ಲಿ ಕೂತು ಪರದೆ ನೋಡುವ ರೈಡ್ ಮೆತ್ತಗಿನದು ಅಂತ ಅಂದುಕೊಳ್ಳುತ್ತೇವೆ. ಬಹಳ ಜನಕ್ಕೆ ಹೊಟ್ಟೆ ತೊಳಸುವುದು ಅದರಲ್ಲೇ. ಕಣ್ಣು ಒಂದು ಹೇಳುತ್ತದೆ, ಕಿವಿಯೊಳಗಿನ ಸಮತೋಲನ ಇನ್ನೊಂದು ಹೇಳುತ್ತದೆ. ಕಣ್ಣು ಮುಚ್ಚಿಕೊಂಡರೆ ಸ್ವಲ್ಪ ತಡೆಯುತ್ತದೆ. ಅದರ ಬದಲು ದೊಡ್ಡ ಚಕ್ರ ಹತ್ತಿಸಿ. 1893ರಲ್ಲಿ ಷಿಕಾಗೋದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ ಮೊದಲ ಚಕ್ರ ಸುಮಾರು 80 ಮೀಟರ್ ಎತ್ತರ ಇತ್ತು, ಒಂದೊಂದು ಡಬ್ಬಿಯಲ್ಲೂ 60 ಜನ. ಅಷ್ಟು ದೊಡ್ಡದು ಬೇಕಾಗಿಲ್ಲ. ಕೂತಲ್ಲೇ ಗಾಳಿ ಬರುತ್ತದೆ, ಇಡೀ ಪಾರ್ಕ್ ಕಾಣುತ್ತದೆ, ಎಲ್ಲರೂ ಒಂದೇ ಡಬ್ಬಿಯಲ್ಲಿ ಇರುತ್ತೀರಿ. ಮೆರ್ರಿ-ಗೋ-ರೌಂಡ್‌ನಲ್ಲೂ ಕುದುರೆ ಹತ್ತಲೇಬೇಕು ಅಂತಿಲ್ಲ, ಎಷ್ಟೋ ಕಡೆ ರಥದ ಥರದ ಆಸನ ಇರುತ್ತದೆ.

ಮೆತ್ತಗಿನ ರೈಡ್‌ನಲ್ಲಿ ಬೀಳುವುದು ಹತ್ತುವಾಗ ಮತ್ತು ಇಳಿಯುವಾಗ. ದೋಣಿಯನ್ನೇ ತೆಗೆದುಕೊಳ್ಳಿ. ಸೀಟು ತಗ್ಗಿನಲ್ಲಿರುತ್ತದೆ, ತಳ ಒದ್ದೆಯಾಗಿರುತ್ತದೆ, ಕಾಲಿಟ್ಟ ಕೂಡಲೇ ಅಲುಗುತ್ತದೆ. ನೀವು ಮೊದಲು ಇಳಿದು ಅವರ ಕಡೆ ಮುಖ ಮಾಡಿ ನಿಲ್ಲಿ. ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮುಂಗೈ ಚಾಚಿ, ಅವರೇ ಹಿಡಿದುಕೊಳ್ಳಲಿ. ಆಗ ಭಾರ ಎಷ್ಟು ಬಿಡಬೇಕು ಅನ್ನುವುದು ಅವರ ಕೈಯಲ್ಲೇ ಇರುತ್ತದೆ. ಚಲಿಸುತ್ತಲೇ ಇರುವ ಗಾಡಿಯಾದರೆ ನಿಧಾನ ಮಾಡಿ ಅಂತ ಮೊದಲೇ ಕೇಳಿ. ಎಷ್ಟೋ ಕಡೆ ಮಾಡಿಕೊಡುತ್ತಾರೆ. ಬಿಸಿಲಿನಿಂದ ಕತ್ತಲೆಯ ಒಳಾಂಗಣಕ್ಕೆ ಹೋದಾಗ ಬಾಗಿಲಲ್ಲೇ ಒಂದು ಕ್ಷಣ ನಿಲ್ಲಿ. ಅವರ ಕಣ್ಣು ನಮ್ಮಷ್ಟು ಬೇಗ ಕತ್ತಲೆಗೆ ಹೊಂದಿಕೊಳ್ಳುವುದಿಲ್ಲ. ನೀರಿನ ರೈಡ್‌ಗೆ ಮುಂಚೆ ಶ್ರವಣ ಸಾಧನ ತೆಗೆಸಿ ಡಬ್ಬಿಗೆ ಹಾಕಿ. ಕಟ್ಟಿಸಿದ ಹಲ್ಲು ಸಡಿಲ ಇದ್ದರೆ ಅದನ್ನೂ.

ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. "ನೀರು ಬೇಕಾ?" ಅಂದರೆ "ಬೇಡ" ಅಂತಲೇ ಬರುತ್ತದೆ. ಶೌಚಾಲಯ ಹುಡುಕುವ ಚಿಂತೆಗೂ ಕುಡಿಯುವುದಿಲ್ಲ. ಪ್ರತಿ ಕ್ಯೂಗೆ ಮೊದಲು ಎಲ್ಲರೂ ಶೌಚಾಲಯಕ್ಕೆ ಹೋಗಿ ಬರುವುದು ಅಂತ ಮಾಡಿಬಿಟ್ಟರೆ ಆ ಚಿಂತೆ ಹೋಗುತ್ತದೆ, ನೀರೂ ಒಳಗೆ ಹೋಗುತ್ತದೆ. ಹೃದಯದ, ಕಿಡ್ನಿಯ ತೊಂದರೆಗೆ ನೀರು ಇಷ್ಟೇ ಅಂತ ವೈದ್ಯರು ಹೇಳಿದ್ದರೆ ಅದೇ ಲೆಕ್ಕ. ಮಾತ್ರೆಯ ಹೊತ್ತು ಬದಲಿಸಬೇಡಿ. ಇನ್ಸುಲಿನ್ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಬಿಸಿಗೆ ಕೆಡುತ್ತದೆ. ಊಟ ಆದ ಮೇಲೆ ಅರ್ಧ ಮುಕ್ಕಾಲು ಗಂಟೆ ನೆರಳಲ್ಲಿ ಕೂರಿ. ಉಂಡ ಮೇಲೆ ವಯಸ್ಸಾದವರ ಬಿಪಿ ಇಳಿಯುವುದುಂಟು, ತಟ್ಟನೆ ಎದ್ದರೆ ತಲೆ ಸುತ್ತಿ ಬೀಳುತ್ತಾರೆ.

ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಅನ್ನುವುದನ್ನು ಬರೀ ಬಾಯಲ್ಲಿ ಹೇಳಬೇಡಿ. ಆ ಜಾಗಕ್ಕೆ ಕರೆದುಕೊಂಡು ಹೋಗಿ, ಅವರ ಮೊಬೈಲ್‌ನಲ್ಲೇ ಫೋಟೋ ತೆಗೆಯಿರಿ. ಆ ಗದ್ದಲದಲ್ಲಿ ರಿಂಗ್ ಕೇಳಿಸುವುದಿಲ್ಲ. ನಿಮ್ಮ ನಂಬರ್, ಅವರ ಮಾತ್ರೆಗಳ ಹೆಸರು ಬರೆದ ಚೀಟಿ ಜೇಬಿನಲ್ಲಿರಲಿ.

ರಾತ್ರಿಯ ಪಟಾಕಿ ಪ್ರದರ್ಶನ ನೋಡುವುದಾದರೆ ಗೇಟಿನ ಹತ್ತಿರವೇ ಕೂರಿ. ಮುಗಿದ ಕೂಡಲೇ ಏಳಬೇಡಿ, ನೂಕುನುಗ್ಗಲು ಕರಗಲಿ. ಒಬ್ಬರು ಹೋಗಿ ಗಾಡಿಯನ್ನು ಗೇಟಿಗೆ ತರಲಿ. ಮರುದಿನಕ್ಕೆ ಏನೂ ಕೆಲಸ ಇಟ್ಟುಕೊಳ್ಳಬೇಡಿ, ಮೈಕೈ ನೋವು ಜಾಸ್ತಿ ಆಗುವುದು ಆವತ್ತೇ.