ಹಾರುವ ಮುನ್ನ ಇಂಧನದಲ್ಲಿ ನೀರಿದೆಯೇ ಎಂದು ನೋಡುವ ಬಗೆ

ಹಾಸನದಿಂದ ಬೆಂಗಳೂರಿನ ಜಕ್ಕೂರಿಗೆ ವಿಮಾನ ಹಾರಾಟ ಕಲಿಯಲು ಹೋಗುವ ನಮ್ಮ ಮಕ್ಕಳು, ಸೆಸ್ನಾ 172 ರಂತಹ ಪುಟ್ಟ ವಿಮಾನದ ಇಂಧನವನ್ನು ದಿನದ ಮೊದಲ ಹಾರಾಟಕ್ಕೆ ಮುನ್ನವೂ ಪ್ರತಿ ಸಲ ತುಂಬಿಸಿದ ಮೇಲೂ ಪರೀಕ್ಷಿಸುವುದನ್ನು ರೂಢಿಸಿಕೊಳ್ಳಬೇಕು. ರೆಕ್ಕೆಯಡಿಯ ಕವಾಟಕ್ಕೆ ಪಾರದರ್ಶಕ ಲೋಟವನ್ನು ಒತ್ತಿ, ಸ್ವಲ್ಪ ಇಂಧನ ಹಿಡಿದು, ಬೆಳಕಿಗೆ ಎತ್ತಿ ನೋಡಿ. ಇಂತಹ ವಿಮಾನಕ್ಕೆ ತುಂಬುವ, 100 ಎಲ್‌ಎಲ್ ಎಂಬ ಪೆಟ್ರೋಲ್ ಬಗೆಯ ಇಂಧನ ತಿಳಿನೀಲಿ. ನೀರು ಅದಕ್ಕಿಂತ ಭಾರವಾದ್ದರಿಂದ ತಳದಲ್ಲಿ ಬಣ್ಣವಿಲ್ಲದ ಹನಿಯಾಗಿ ಕೂರುತ್ತದೆ. ಲೋಟದ ತುಂಬ ನೀರೇ ಬಂದಿದ್ದರೆ ನಡುವೆ ಗೆರೆಯೇ ಕಾಣದು, ಆದ್ದರಿಂದ ಬಣ್ಣವನ್ನು ತಪ್ಪದೆ ಗಮನಿಸಿ. ನಮ್ಮ ಸಕಲೇಶಪುರದ ಕಡೆಯಂತೆ ರಾತ್ರಿ ಮಂಜು ಕವಿಯುವಲ್ಲಿ, ಅರೆಬರೆ ತುಂಬಿದ ಟ್ಯಾಂಕಿನೊಳಗೆ ತೇವ ಹನಿಗಟ್ಟುವುದುಂಟು. ನೀರು ಕಂಡರೆ ಶುದ್ಧ ಇಂಧನ ಬರುವವರೆಗೆ ಮತ್ತೆ ಮತ್ತೆ ಹಿಡಿಯಿರಿ. ಎಷ್ಟು ಹಿಡಿದರೂ ನೀರು ಬರುವುದು ನಿಲ್ಲದಿದ್ದರೆ ಹಾರದೆ ಎಂಜಿನಿಯರ್‌ಗೆ ತಿಳಿಸಿ.