ಸರ್ವೆ ನಂಬರಿನ ಪುಸ್ತಕ

ದಾವಣಗೆರೆ ಸೀಮೆಯ ಕಾರ್ಖಾನೆಗಳ ನೀರಿನ ಕನ್ಸೆಂಟ್ ಕಡತಗಳನ್ನು ಕೆಲವು ವರ್ಷ ನಾನು ನೋಡಿಕೊಂಡೆ. ಬಳಸಿದ ನೀರನ್ನು ಹೊರಗೆ ಬಿಡಲು ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಒಪ್ಪಿಗೆ ಅದು. ಕಾಗದದಲ್ಲಿ ಸಮ್ಮತಿ ಪತ್ರ, ಮಿಲ್ಲಿನವರ ಬಾಯಲ್ಲಿ ‘ಪೊಲ್ಯೂಷನ್ ಎನ್‌ಒಸಿ’. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಎಲ್ಲ ಕಡತಗಳನ್ನೂ ಕಾರ್ಖಾನೆಯ ಹೆಸರಿನ ಪ್ರಕಾರ ಅಕಾರಾದಿಯಾಗಿ ಜೋಡಿಸಿದೆ. ರ‍್ಯಾಕು ನೋಡೋಕೆ ಚೆನ್ನಾಗಿತ್ತು. ಹಾಗೆ ಜೋಡಿಸಿದ್ದು ತಪ್ಪು ಅಂತ ಗೊತ್ತಾಗಿದ್ದು ಒಬ್ಬ ರೈತರು ಬಂದ ದಿನ.

ಹರಿಹರದ ಕಡೆಯವರು. ಟವೆಲ್ಲಿನಲ್ಲಿ ಸುತ್ತಿದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ಬಿಚ್ಚಿದರೆ ಹಳಸಿದ ಗಂಜಿಯ ವಾಸನೆ. ಭತ್ತ ನೆನೆಸಿ ಬೇಯಿಸುವ ಮಿಲ್ಲಿನ ನೀರು ನಿಂತರೆ ಹಾಗೇ ನಾರುತ್ತೆ.

“ಸರ್, ಈ ನೀರು ನಮ್ಮ ಹಳ್ಳಕ್ಕೆ ಬಿಡಾಕೆ ಅವರಿಗೆ ಪರ್ಮಿಷನ್ ಐತೋ ಇಲ್ಲೋ? ಅದೊಂದು ಹೇಳ್ರಿ ಸಾಕು.”

“ಕೂತ್ಕೊಳ್ಳಿ ಯಜಮಾನ್ರೇ” ಅಂದು ಹುಡುಕಲು ಹೋದೆ. ಅವರು ಹೇಳಿದ ಹೆಸರಿನ ಕಡತವೇ ಇಲ್ಲ. ಊರವರು ಆ ಮಿಲ್ಲನ್ನು ಹಳೇ ಸಾಹುಕಾರರ ಹೆಸರಲ್ಲಿ ಕರೀತಾರೆ. ಆಮೇಲೆ ಪಾಲುದಾರರು ಬಂದಿದ್ದರು, ಆಮೇಲೆ ಲೀಸು. ಬೋರ್ಡಿನ ಮೇಲೆ ಇನ್ನೊಂದೇ ಹೆಸರು. ಸಂಜೆ ನಾಲ್ಕರವರೆಗೆ ಹುಡುಕಿದರೂ ಸಿಗಲಿಲ್ಲ.

ಅವರು ತಂದ ಬಾಟಲಿ ಸಾಕ್ಷಿಯಾಗೋದಿಲ್ಲ ಅಂತಲೂ ಹೇಳಬೇಕಾಯಿತು. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಅಧಿಕಾರಿಯೇ ಮಿಲ್ಲಿನವರಿಗೆ ನೋಟಿಸ್ ಕೊಟ್ಟು, ನೀರು ತೆಗೆದು, ಅವರ ಎದುರಿಗೇ ಎರಡು ಭಾಗ ಮಾಡಿ ಸೀಲ್ ಹಾಕಬೇಕು. ರೈತರ ಮುಖ ಬಾಡಿತು. ಆದರೆ ಅದೇ ಕಾಯ್ದೆಯ 25ನೇ ಕಲಂ ಅವರ ಪರವಾಗಿತ್ತು. ಷರತ್ತುಗಳ ರಿಜಿಸ್ಟರ್ ಇಡಬೇಕು, ಆ ನೀರಿನಿಂದ ತೊಂದರೆಗೆ ಒಳಗಾದವರು ಅದನ್ನು ನೋಡಬಹುದು ಅಂತ ಅದರಲ್ಲಿದೆ. ನೋಡೋದು ಅವರ ಹಕ್ಕು, ಹುಡುಕಿ ಕೊಡೋದು ನನ್ನ ಕೆಲಸ. ನನ್ನ ಕೈಲಿ ಆಗಲಿಲ್ಲ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಹೋಗುವಾಗ ಅವರು ಒಂದು ಮಾತು ಹೇಳಿದ್ದರು. “ಹೆಸರು ಗೊತ್ತಿಲ್ಲ ಸರ್, ಆ ಜಮೀನು ನಮ್ಮ ಹೊಲದ ಬದುವಿಗೇ ಐತಿ.” ಪಕ್ಕದ ಸರ್ವೆ ನಂಬರ್ ಅವರಿಗೆ ಬಾಯಿಪಾಠ. ಮರುದಿನದಿಂದ ಒಂದೊಂದೇ ಕಡತ ಬಿಚ್ಚಿ ಪಹಣಿ, ಭೂ ಪರಿವರ್ತನೆ ಆದೇಶ ನೋಡುತ್ತಾ ಹೋದೆ. ನೋಡಿದ್ದರ ಸರ್ವೆ ನಂಬರನ್ನು ಚೀಟಿಯಲ್ಲಿ ಬರೆದಿಟ್ಟೆ. ಮೂರನೇ ದಿನ ಮಿಲ್ಲು ಸಿಕ್ಕಿತು. ಶುದ್ಧ ಮಾಡಿದ ನೀರನ್ನು ಆವರಣದೊಳಗಿನ ಗಿಡಗಳಿಗೇ ಬಿಡಬೇಕು, ಹೊರಗೆ ಬಿಡಬಾರದು ಅಂತ ಷರತ್ತು ಇತ್ತು.

ರೈತರು ಮತ್ತೆ ಬಂದರು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಜೇಬಿನ ಪುಸ್ತಕದಲ್ಲಿ ಬರೆದುಕೊಂಡು “ಪುಟ ಎಷ್ಟು ಸರ್?” ಅಂದರು. ನಾನು ಪುಟದ ನಂಬರೇ ಹಾಕಿರಲಿಲ್ಲ. ಅವರ ಎದುರಿಗೇ ಮೊದಲ ಹಾಳೆಯಿಂದ ಹಾಕುತ್ತಾ ಬಂದೆ. ಆ ಹಾಳೆ 37ಕ್ಕೆ ಬಂತು. ಆಮೇಲೆ ಅವರ ಕೈಲೇ ಒಂದು ದೂರು ಬರೆಸಿ, ಕಡತದ ಜೊತೆಗಿಟ್ಟು ಸಾಹೇಬರ ಮೇಜಿಗೆ ಕಳಿಸಿದೆ.

ಆ ಚೀಟಿಗಳಿಂದಲೇ ಪುಸ್ತಕ ಹುಟ್ಟಿತು. ದಪ್ಪ ರಟ್ಟಿನ ಲೆಡ್ಜರ್. ಒಂದು ಜಾಗಕ್ಕೆ ಒಂದು ಸಾಲು. ಮೊದಲು ಊರು, ಸರ್ವೆ ನಂಬರ್. ಆಮೇಲೆ ಹಳೇ ಹೆಸರು, ಈಗಿನ ಹೆಸರು, ಕಡತ ಸಂಖ್ಯೆ, ಕನ್ಸೆಂಟ್ ಮುಗಿಯುವ ದಿನ. ಪೋಡಿಯಾಗಿ, ಅಂದರೆ ಜಮೀನು ಅಳೆದು ಭಾಗವಾಗಿ, 45/2 ಇದ್ದದ್ದು ಬೇರೆ ನಂಬರ್ ಆದರೆ ಎರಡನ್ನೂ ಬರೆದೆ. ದಿನಕ್ಕೆ ಎಷ್ಟು ಕಿಲೋಲೀಟರ್ ನೀರು ಅನ್ನೋದಕ್ಕೂ ಒಂದು ಕಾಲಂ ಇತ್ತು. ಆದರೆ ನನಗೆ ಜಾಸ್ತಿ ಬೇಕಾಗಿದ್ದು ‘ಎಲ್ಲಿಗೆ ಬಿಡುತ್ತಾರೆ’ ಅನ್ನೋ ಕಾಲಂ. ಬಿಒಡಿ ಅಂದರೆ ನೀರಿನಲ್ಲಿ ಕೊಳೆಯುವ ಕಲ್ಮಶ ಎಷ್ಟಿದೆ ಅನ್ನೋದರ ಅಳತೆ. ಅದರ ಸಾಮಾನ್ಯ ಮಿತಿ ಭೂಮಿಗೆ ಬಿಡುವ ನೀರಿಗೆ ಲೀಟರಿಗೆ 100 ಮಿಲಿಗ್ರಾಂ, ಹಳ್ಳ–ಹೊಳೆಗೆ ಬಿಡೋದಕ್ಕೆ 30. ವರದಿಯಲ್ಲಿ 80 ಅಂತ ಬಂದರೆ ತೋಟಕ್ಕೆ ಸರಿ, ಹಳ್ಳಕ್ಕೆ ತಪ್ಪು. ಜಾಗ ಬರೆದಿರದಿದ್ದರೆ ಆ 80 ಇಟ್ಟುಕೊಂಡು ಏನು ಮಾಡೋದು?

ಅರ್ಜಿ ಬಂದ ದಿನದ ಸೀಲನ್ನೂ ಸುಮ್ನೆ ಒತ್ತಬಾರದು. ಪೂರ್ತಿ ಅರ್ಜಿ ಬಂದು ನಾಲ್ಕು ತಿಂಗಳೊಳಗೆ ಒಪ್ಪಿಗೆಯನ್ನೂ ಕೊಡದೆ, ನಿರಾಕರಿಸದೆ ಇದ್ದರೆ ಯಾವ ಷರತ್ತೂ ಇಲ್ಲದೆ ಒಪ್ಪಿಗೆ ಸಿಕ್ಕ ಹಾಗೆ ಅನ್ನುತ್ತೆ ಕಾಯ್ದೆ. ಸೀಲು ಮಸುಕಾಗಿದ್ದರೆ ಪಕ್ಕದಲ್ಲಿ ಪೆನ್ನಿನಲ್ಲಿ ದಿನಾಂಕ ಬರೆದು ಸಹಿ ಹಾಕುತ್ತಿದ್ದೆ. ಫ್ಯಾಕ್ಸಿನ ಹಾಳೆ ಬಂದ ದಿನವೇ ಜೆರಾಕ್ಸ್. ಇಲ್ಲದಿದ್ದರೆ ಒಂದೆರಡು ವರ್ಷಕ್ಕೆ ಅಕ್ಷರ ಮಾಯ. ಪಿನ್ನು ತುಕ್ಕು ಹಿಡಿದು ಹಾಳೆ ತಿನ್ನುತ್ತೆ, ಹಾಗಾಗಿ ದಾರದ ಟ್ಯಾಗೇ ಗಟ್ಟಿ.

ಮುಂದಿನ ವರ್ಷ ಆ ಮಿಲ್ಲಿನ ಬೋರ್ಡು ಮತ್ತೆ ಬದಲಾಯಿತು. ಪುಸ್ತಕ ತೆಗೆದು, ಅದೇ ಸಾಲಿನಲ್ಲಿ, ಹಳೇ ಹೆಸರುಗಳ ಕೆಳಗೆ ಹೊಸದನ್ನು ಬರೆದೆ.